ಮಂಡಿಯ ಮೇಲಿನ ಮಬ್ಬು

ಎರಡು ಸಾವಿರದ ಮೂರರ ಮೇ ತಿಂಗಳಲ್ಲಿ ಇಡೀ ಅರಬ್ಬೀ ಸಮುದ್ರ ಶ್ರೀನಿವಾಸಪುರದ ಮಾವಿನ ಮಂಡಿಯ ಮೇಲಿನ ಒಂದೇ ಕೋಣೆಯಲ್ಲಿತ್ತು. ಸುಳ್ಳೆನ್ನುವವರು ಯಲ್ದೂರಿನ ಶ್ರೀವಾಣಿಯನ್ನು ಕೇಳಬಹುದು. ನಿಜವಾದ ಸಮುದ್ರಕ್ಕೆ ಕಾಲಿಟ್ಟವಳಲ್ಲದಿದ್ದರೂ ಮೌಸ್ ಹಿಡಿದು ಈ ಸಮುದ್ರದಲ್ಲಿ ದಿನವೂ ಈಜುತ್ತಿದ್ದವಳು ಅವಳೇ.

ಕೋಣೆಯ ಯಜಮಾನ ಮುಳಬಾಗಿಲಿನ ಭಾರ್ಗವ್. ಉಪಗ್ರಹದ ಚಿತ್ರ ನೋಡಿ ಕಡಲು ಶಾಂತವೋ ಅಪಾಯವೋ ಎಂದು ತಾನೇ ಹೇಳುವಂತೆ ಕಂಪ್ಯೂಟರಿಗೆ ಪಾಠ ಕಲಿಸುತ್ತಿದ್ದ. ಅವನ ಮಾತು ನಂಬಿದರೆ ಆ ಮಿಷನ್ನು ತಿಮಿಂಗಿಲಕ್ಕೆ ನೆಗಡಿ ಬರುವುದನ್ನೂ ವಾರ ಮೊದಲೇ ಹೇಳಬೇಕು. ಹಳೆಯ ಚಿತ್ರಗಳ ಜೊತೆ ಆಯಾ ದಿನದ ಗಾಳಿಯ ಲೆಕ್ಕ ಬರುತ್ತಿತ್ತು. ಪಾಠಕ್ಕೆ ಬಾರದ ಚಿತ್ರಗಳನ್ನು ತೆಗೆದುಹಾಕುವುದಷ್ಟೇ ಶ್ರೀವಾಣಿಯ ಕೆಲಸ. "ಮಬ್ಬಿರೋದಕ್ಕೆಲ್ಲ ಸೊನ್ನೆ ಒತ್ತಮ್ಮ," ಎಂದಿದ್ದ. ಅವಳು ಒತ್ತಿ ಒತ್ತಿ ಕೀಲಿಮಣೆಯ ಮೇಲಿನ ಸೊನ್ನೆಯೇ ಅಳಿಸಿಹೋಗಿತ್ತು.

ಆ ದಿನ ಮಧ್ಯಾಹ್ನ ಹೊಸ ಚಿತ್ರ ಬಂತು. ಕಡಲ ನಡುವೆ ಬಿಳಿಯ ಸುಳಿ. ಮಿಷನ್ನು 'ಶಾಂತ' ಎಂದಿತು.

"ಸಾರ್, ಇಷ್ಟು ಮಬ್ಬಿದೆ, ಶಾಂತ ಅಂತಿದೆಯಲ್ಲ."

"ಎಲ್ಲಿ ಮಬ್ಬು? ಫೋಟೋ ಕನ್ನಡಿ ಹಂಗಿದೆ."

"ಇದೇ ಸಾರ್, ಬೆಳ್ಳಗೆ. ಮೋಡ. ನಮ್ಮನೇಲಿ ತೆಲುಗಲ್ವಾ, ಮಬ್ಬು ಅಂತೀವಿ."

ಭಾರ್ಗವನ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. ತೆಲುಗಾಡುವ ಅರ್ಧ ಮುಳಬಾಗಿಲು ಮಬ್ಬೆಂದರೆ ಆಕಾಶ ನೋಡುತ್ತದೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ.

"ಮೋಡ ಇದ್ದಿದ್ದಕ್ಕೆಲ್ಲ ಸೊನ್ನೆ ಒತ್ತಿದ್ಯಾ?"

"ಒಂದೂ ಬಿಟ್ಟಿಲ್ಲ ಸಾರ್."

ಅವನು ತೆಗೆಯಲು ಹೇಳಿದ್ದು ಮಸುಕಾದ ಫೋಟೋ, ಅವಳು ತೆಗೆದದ್ದು ಮೋಡವಿದ್ದ ಫೋಟೋ. ಅಂದರೆ ಮಿಷನ್ನು ಹುಟ್ಟಿದಾಗಿನಿಂದ ಬಿರುಗಾಳಿಯ ಮುಖವನ್ನೇ ಕಂಡಿಲ್ಲ. ಅದರ ಮಾತು ಕೇಳಿ ಬೆಳಿಗ್ಗೆ ಭಾರ್ಗವ್ ಬಂದರಿಗೆ ಫೋನು ಮಾಡಿ, ಕಡಲು ಹಾಲಿನಂತಿದೆ ಎಂದಿದ್ದ. ಮೀನಿನ ದೋಣಿಗಳು ಕಡಲಿಗೆ ಹೋಗಿದ್ದವು. ಶ್ರೀವಾಣಿ ಫೋನಿನ ಕಡೆ ಕೈ ಚಾಚಿದಳು.

"ಸ್ವಲ್ಪ ತಡಿ. ಈಗಲೇ ಹೇಳಿದ್ರೆ ಪ್ರಾಜೆಕ್ಟ್ ಕಿತ್ಕೋತಾರೆ. ಮುಂದಿನ ಫೋಟೋ ನೋಡೋಣ."

"ಅಷ್ಟರಲ್ಲಿ ದೋಣಿ ಮುಳುಗಿದ್ರೆ ಯಾವ ಫೋಟೋ ನೋಡ್ತೀರಾ ಸಾರ್?"

ಅವನು ಬಾಯಿ ತೆರೆಯುವ ಮೊದಲೇ ಅವಳು ಬಂದರಿನ ನಂಬರು ಒತ್ತಿದ್ದಳು. ತಪ್ಪು ತನ್ನದೇ, ಮಿಷನ್ನನ್ನು ನಂಬಬೇಡಿ, ದೋಣಿಗಳನ್ನು ಕರೆಸಿ ಎಂದಳು. ಆ ಕಡೆಯವನು ವೈರ್‌ಲೆಸ್‌ಗೆ ಓಡಿದ. ಶ್ರೀವಾಣಿ ಫೋನು ಇಡಲಿಲ್ಲ. ಭಾರ್ಗವನೂ ಇಡು ಎನ್ನಲಿಲ್ಲ. ಗಡಿಯಾರದ ಮುಳ್ಳಿಗೆ ಯಾರೋ ಮೊಳೆ ಹೊಡೆದಂತಿತ್ತು.

ಬಹಳ ಹೊತ್ತಿನ ಮೇಲೆ ದನಿ ಬಂತು. "ಎಲ್ಲ ವಾಪಸ್ ತಿರುಗಿದಾವಮ್ಮ. ಒಂದರ ಸುದ್ದಿ ಮಾತ್ರ ಸಿಕ್ಕಿಲ್ಲ."

"ಸಿಗೋವರೆಗೂ ಫೋನು ಇಡಬೇಡಿ," ಎಂದಳು. ಎರಡು ಕೈಯಲ್ಲೂ ಫೋನು ಹಿಡಿದು ನೆಲದ ಮೇಲೆ ಕುಳಿತಳು. ಆ ಕಡೆಯಿಂದ ಗಾಳಿಯ ಸದ್ದು ಕೇಳತೊಡಗಿತು.