ಕೂದಲೆಳೆಯಷ್ಟು ತಡ

ನನ್ನನ್ನು ಮದುವೆಯಾಗಬೇಕೆಂದು ಒಂದೇ ವಾರದಲ್ಲಿ ತೀರ್ಮಾನಿಸಿದ ಮನುಷ್ಯ, ತಾಳ ಹಾಕುವ ಒಂದು ಯಂತ್ರ ಕೊಳ್ಳಲು ಏಳು ತಿಂಗಳು ಯೋಚಿಸಿದರು. ಇದರಿಂದ ನಾನು ಹಿಗ್ಗಬೇಕೋ ಕುಗ್ಗಬೇಕೋ ಇನ್ನೂ ಗೊತ್ತಾಗಿಲ್ಲ.

ಇವರ ಕಸುಬು ಕಟ್ಟುಹಲ್ಲು ಮಾಡುವುದು. ದಂತವೈದ್ಯರು ಕಳಿಸಿದ ಅಚ್ಚು ನೋಡಿಕೊಂಡು, ಯಾರದೋ ಬಾಯಿಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದ ಹಾಗೆ ಹಲ್ಲು ಕೂರಿಸುತ್ತಾರೆ. ಆ ಚಟ ಮನೆಗೂ ಬರುತ್ತದೆ. ನಾನು ಹೊಲಿದ ಪರದೆಯ ಅಂಚು ಬೆರಳಿನಷ್ಟು ಸೊಟ್ಟಗಿದ್ದರೆ ಇವರಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಮೊದಲೆಲ್ಲ ರಜೆಯ ದಿನ ಡ್ರಮ್ಸ್ ಬಾರಿಸುತ್ತಿದ್ದರು. ಪಕ್ಕದಲ್ಲಿ ಬೇಸ್ ಗಿಟಾರ್ ಹಿಡಿದು ನಿಲ್ಲುತ್ತಿದ್ದವರು ಇವರ ಷಡ್ಡಕ, ಅಂದರೆ ನನ್ನ ಅಕ್ಕನ ಗಂಡ. ಭಾವ ಲಿಫ್ಟ್ ರಿಪೇರಿ ಮಾಡುವವರು. ಯಾವುದಕ್ಕೂ ಅವಸರವಿಲ್ಲ, ಗುಂಡಿ ಒತ್ತಿದ ಮೇಲೆ ಲಿಫ್ಟ್ ಬಂದೇ ಬರುತ್ತದೆ ಎಂದು ನಂಬಿದ ಪ್ರಾಣಿ. ಇವರು ಡಮ್ ಎಂದ ಮೇಲೆ ಒಂದು ಚೂರು ಬಿಟ್ಟು ಭಾವನ ಗಿಟಾರ್ ದುಂ ಎನ್ನುತ್ತಿತ್ತು. ಹೀಗೇ ಹದಿನೈದು ವರ್ಷ ಅವರಿವರ ಸಮಾರಂಭಗಳಲ್ಲಿ ಇಬ್ಬರೂ ನುಡಿಸಿದರು, ಜನ ಕುಣಿದರು, ಯಾರಿಗೂ ಏನೂ ತೊಂದರೆಯಾಗಲಿಲ್ಲ.

ಆಮೇಲೆ ಭಾವನ ಲಿಫ್ಟ್ ಕಂಪನಿಯ ವಾರ್ಷಿಕೋತ್ಸವ ಬಂತು. ಭಾವನ ಜೊತೆ ಕೆಲಸ ಮಾಡುವವರೆಲ್ಲ ಎದುರಿಗೆ ಕೂತಿದ್ದರು. ಅರ್ಧ ನುಡಿಸಿದ ಮೇಲೆ ಇವರು ಕೋಲು ಕೆಳಗಿಟ್ಟು, ಮೈಕಿನಲ್ಲೇ ಅಂದುಬಿಟ್ಟರು: "ಬೇಸ್ ಲೇಟು. ಮತ್ತೆ ಮೊದಲಿಂದ."

ಸಭೆ ಗೊಳ್ಳೆಂದಿತು. ಭಾವ ವೈರು ಕಿತ್ತು, ಗಿಟಾರನ್ನು ಪೆಟ್ಟಿಗೆಗೆ ಹಾಕಿಕೊಂಡು ಹೊರಟುಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ಹತ್ತು ತಿಂಗಳು ಇಬ್ಬರಿಗೂ ಮಾತಿಲ್ಲ. ಅಕ್ಕ ನಾನು ಮಾತ್ರ ಫೋನಿನಲ್ಲಿ ದಿನಾ ಇಬ್ಬರನ್ನೂ ಬೈದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆವು.

ಅದಾಗಿ ಸ್ವಲ್ಪ ದಿನಕ್ಕೆ ಇವರ ಬಲಭುಜ ಹಿಡಿದುಕೊಂಡಿತು. ಇನ್ನು ಡ್ರಮ್ಸ್ ಮುಟ್ಟಕೂಡದು ಎಂದರು ಡಾಕ್ಟರು. ಸರಿ, ಬೆರಳಿನಲ್ಲೇ ಬಾರಿಸುವ ಯಂತ್ರ ತರೋಣವೆಂದು ನೋಟ್‌ಬುಕ್ ತೆರೆದರು. ಒಂದು ಪುಟಕ್ಕೆ ಡ್ರಮ್ ಮಷೀನ್ ಎಂದು ತಲೆಬರಹ, ಎದುರು ಪುಟಕ್ಕೆ ಗ್ರೂವ್‌ಬಾಕ್ಸ್. ಎರಡಕ್ಕೂ ಗುಣ ಒಂದು ಸಾಲು, ದೋಷ ಒಂದು ಸಾಲು. ಡ್ರಮ್ ಮಷೀನಿನ ದೋಷಗಳಲ್ಲಿ ಮೊದಲನೆಯದು, ಕೆಂಪು ಶಾಯಿಯಲ್ಲಿ: 'ಬೇಸ್ ಇಲ್ಲ.'

ಏಳು ತಿಂಗಳು ಅಳೆದು ತೂಗಿದ ಮೇಲೆ ನಾನೇ ಇವರನ್ನು ಅಂಗಡಿಗೆ ಎಳೆದುಕೊಂಡು ಹೋದೆ. ವಾದ್ಯದಂಗಡಿಯ ಯಜಮಾನಿಗೆ ಇವರ ಪ್ರಶ್ನೆಗಳೆಲ್ಲ ಬಾಯಿಪಾಠವಾಗಿದ್ದವು.

"ಎರಡನ್ನೂ ಮನೆಗೆ ತಗೊಂಡ್ಹೋಗಿ. ಮುಂದಿನ ಶನಿವಾರ ಸಂಜೆಯೊಳಗೆ ಒಂದನ್ನ ವಾಪಸ್ ತನ್ನಿ. ನನಗೂ ಸ್ವಲ್ಪ ನೆಮ್ಮದಿ ಬೇಕು" ಎಂದರು.

ಹೊರಡುವಾಗ ನನ್ನ ಕಣ್ಣು ಗೋಡೆಯ ಮೇಲೆ ಬಿತ್ತು. ಒಂದು ಬೇಸ್ ಗಿಟಾರ್ ನೇತಾಡುತ್ತಿತ್ತು. ಅದರ ಹೆಗಲಪಟ್ಟಿ ಹಸಿರು ಪರದೆ ಬಟ್ಟೆಯದು. ಭಾವನಿಗೆ ನಾನೇ ಹೊಲಿದು ಕೊಟ್ಟಿದ್ದು.

"ಅದಾ? ಮಾರೋಕೆ ಕೊಟ್ಟಿದ್ದಾರೆ. ಶನಿವಾರ ಸಂಜೆ ಒಬ್ಬರು ನೋಡೋಕೆ ಬರ್ತಾರೆ" ಎಂದರು ಯಜಮಾನಿ.

ಇವರೂ ನೋಡಿದರು. ನೋಡಿ, ಎಂದೂ ಇಲ್ಲದ ಆಸಕ್ತಿಯಿಂದ ವೈರಿನ ಸುರುಳಿಯೊಂದನ್ನು ಪರೀಕ್ಷಿಸತೊಡಗಿದರು. ಆ ಗಿಟಾರ್ ಹೋದರೆ ಇವರಿಬ್ಬರೂ ಮತ್ತೆ ಸೇರುವುದಕ್ಕೆ ನೆಪವೇ ಉಳಿಯುವುದಿಲ್ಲ.

ಮನೆಯಲ್ಲಿ ನನ್ನ ಹೊಲಿಗೆಕೋಣೆಯ ಪಕ್ಕದ ಕೋಣೆಯೇ ಪ್ರಯೋಗಶಾಲೆಯಾಯಿತು. ಡ್ರಮ್ ಮಷೀನ್ ಸರಳ ಜೀವ. ಸಾಲಾಗಿ ಹದಿನಾರು ಗುಂಡಿ, ಮೇಲೆ ಒಂದಿಷ್ಟು ತಿರುಪು. ಒತ್ತಿದ ಕಡೆ ಪೆಟ್ಟು ಬೀಳುತ್ತದೆ, ತಿರುಗಿಸಿದರೆ ಪೆಟ್ಟು ದಪ್ಪವೋ ತೆಳುವೋ ಆಗುತ್ತದೆ. ಹತ್ತು ನಿಮಿಷದಲ್ಲಿ ನಾನೇ ಒಂದು ತಾಳ ಹಾಕಿದೆ. ಗ್ರೂವ್‌ಬಾಕ್ಸ್ ಹಾಗಲ್ಲ. ಅದರಲ್ಲಿ ಡ್ರಮ್ಸೂ ಇದೆ, ಬೇಸೂ ಇದೆ, ಕೀಬೋರ್ಡಿನ ದನಿಯೂ ಇದೆ. ನನ್ನ ಹೊಲಿಗೆ ಯಂತ್ರದ ಸದ್ದನ್ನೂ ಹಿಡಿದು ತಾಳಕ್ಕೆ ಸೇರಿಸಿತು. ಆದರೆ ಬೆಂಕಿಪೊಟ್ಟಣದಷ್ಟು ಸ್ಕ್ರೀನು, ಒಂದು ಪಟ್ಟಿಯೊಳಗೆ ಇನ್ನೊಂದು ಪಟ್ಟಿ, ಒಂದೊಂದು ಗುಂಡಿಗೂ ಮೂರು ಮೂರು ಕೆಲಸ. ಇವರು ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ ಹೈರಾಣಾದರು.

"ಒಂದು ಸಲ ಕಲಿತರೆ ಇದರ ಮುಂದೆ ಯಾರೂ ಬೇಡ ಕಣೆ. ಒಬ್ಬನೇ ಕೂತು ಇಡೀ ಹಾಡು ಮಾಡಬಹುದು."

"ಬೇಸ್ ಟೈಮಿಗೆ ಸರಿಯಾಗಿ ಬರುತ್ತೇನ್ರೀ?"

"ಕೂದಲೆಳೆ ಆಚೀಚೆ ಇಲ್ಲ" ಎಂದರು, ನನ್ನ ಮುಖ ನೋಡದೆ.

ಭಾನುವಾರ ತಮ್ಮ ಹಳೆಯ ಧಾಟಿಯೊಂದನ್ನು ಗ್ರೂವ್‌ಬಾಕ್ಸಿಗೆ ತುಂಬಿಸಿದರು. ಇಬ್ಬರೂ ಎಲ್ಲಿ ನುಡಿಸಿದರೂ ಶುರು ಮಾಡುತ್ತಿದ್ದದ್ದು ಅದರಿಂದಲೇ. ಕೇಳಿ ಮೂಗು ಮುರಿದರು. ಬೇಸಿನ ದನಿ ಸರಿಯಿಲ್ಲವೆಂದು ಬದಲಾಯಿಸಿದರು. ಸ್ಪೀಕರ್ ಸರಿಯಿಲ್ಲವೆಂದರು. ಕೋಣೆ ಸರಿಯಿಲ್ಲವೆಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಪರದೆಯ ಬಟ್ಟೆಗೆ ಹೇಳಿಕೊಂಡೆ. ಸೋಮವಾರ ಅದರಲ್ಲಿ ಇನ್ನೊಂದು ಸೌಕರ್ಯ ಸಿಕ್ಕಿತು: ಒಂದೊಂದು ಸ್ವರವನ್ನೂ ಬೇಕಾದರೆ ಚೂರು ಹಿಂದಕ್ಕೆ ತಳ್ಳಬಹುದಂತೆ. ಅಷ್ಟೇ ಸಾಕಾಯಿತು. ಕೆಲಸದಿಂದ ಬಂದವರೇ ಕೋಣೆ ಸೇರಿ, ಕಟ್ಟುಹಲ್ಲು ತೀಡುವ ತಾಳ್ಮೆಯಲ್ಲಿ ತಳ್ಳುವುದು, ಕೇಳುವುದು, ಮತ್ತೆ ತಳ್ಳುವುದು.

ಗುರುವಾರ ಸಂಜೆ ಪರದೆ ಹೊಲಿಯುತ್ತಿದ್ದವಳು ತಟ್ಟನೆ ತಿರುಗಿ ನೋಡಿದೆ. ಭಾವ ಬಂದಿದ್ದಾರೆ ಅನ್ನಿಸಿತು. ಯಾರೂ ಇಲ್ಲ. ಪಕ್ಕದ ಕೋಣೆಯಲ್ಲಿ ಡಮ್, ಒಂದು ಚೂರು ಬಿಟ್ಟು ದುಂ. ಇವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಏನು ಮಾಡಿಬಿಟ್ಟಿದ್ದಾರೆಂದು ಇವರಿಗೇ ತಿಳಿದಿರಲಿಲ್ಲ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಬಾಯಿ ಬಿಗಿಹಿಡಿದು ಅಕ್ಕನಿಗೆ ಫೋನು ಮಾಡಿದೆ.

"ಕರೆದ್ರೆ ಬರಲ್ಲ ಕಣೇ. ನಿಮ್ಮನೆ ಹೆಸರೆತ್ತಿದ್ರೆ ಮುಖ ಊದಿಸ್ಕೋತಾರೆ" ಎಂದಳು ಅಕ್ಕ.

"ನನ್ನ ಹೊಲಿಗೆ ಮಷೀನ್ ಕೆಟ್ಟಿದೆ ಅನ್ನು."

ಯಂತ್ರ ಕೆಟ್ಟಿದೆಯೆಂದರೆ ಭಾವ ಶತ್ರುವಿನ ಮನೆಗೂ ಹೋಗುವವರು. ಶನಿವಾರ ಬೆಳಿಗ್ಗೆ ಹೊಲಿಗೆ ಯಂತ್ರದ ಬೆಲ್ಟು ಬಿಚ್ಚಿ ಮೇಜಿನಡಿ ಎಸೆದೆ. ಹತ್ತು ಗಂಟೆಗೆ ಭಾವ ಉಪಕರಣದ ಚೀಲ ಹೊತ್ತು ಬಂದು, ಅತ್ತಿತ್ತ ನೋಡದೆ ಮೇಜಿನಡಿ ತೂರಿಕೊಂಡರು. ಪಕ್ಕದ ಕೋಣೆಯಲ್ಲಿ ಅದೇ ಧಾಟಿ ನಡೆದಿತ್ತು. ಸ್ವಲ್ಪ ಹೊತ್ತಿಗೆ ಅವರ ಕೈ ನಿಂತಿತು.

"ಬೇಸ್ ಯಾರಮ್ಮ ನುಡಿಸ್ತಿರೋದು?"

"ಮಷೀನು, ಭಾವ."

"ಮಷೀನಾ? ಲೇಟಾಗಿ ಬರ್ತಿದೆಯಲ್ಲ! ರಿಪೇರಿಗೆ ಕೊಡಿ ಅದನ್ನ."

ಆ ದನಿ ಕೇಳಿ ಇವರು ಬಾಗಿಲಿಗೆ ಬಂದರು. ಮೇಜಿನಡಿಯ ಕಾಲುಗಳನ್ನು ನೋಡಿ ಗರಬಡಿದವರಂತೆ ನಿಂತರು. ಹಿಂದೆ ಧಾಟಿ ತನ್ನ ಪಾಡಿಗೆ ತಾನು ನಡೆಯುತ್ತಲೇ ಇತ್ತು.

"ಕೆಟ್ಟಿಲ್ಲ. ನಾನೇ ಹಿಂದಕ್ಕೆ ತಳ್ಳಿದೀನಿ. ನಾಲ್ಕು ದಿನ ಹಿಡೀತು."

"ಯಾಕೆ?"

"ಸರಿಯಾಗಿ ಬಂದ್ರೆ ಚೆನ್ನಾಗಿರಲಿಲ್ಲ..." ಇವರು ಒಂದು ಕ್ಷಣ ಆ ಸದ್ದಿಗೆ ಕಿವಿಗೊಟ್ಟರು. ಮುಖದ ಬಣ್ಣ ಬದಲಾಯಿತು. "ಅಯ್ಯೋ. ಇದು ನೀವೇ ಅಣ್ಣ."

ಭಾವ ಹೊರಗೆ ಬಂದು ನೆಲದ ಮೇಲೇ ಕೂತು, ಧಾಟಿಯನ್ನು ಕೊನೆಯವರೆಗೂ ಕೇಳಿದರು.

"ನಾನು ಇಷ್ಟು ಲೇಟಾ?"

"ಇಷ್ಟೇ."

"ಹದಿನೈದು ವರ್ಷದಿಂದಲೂ?"

"ಹೂಂ."

"ಮತ್ತೆ ಅವತ್ತೊಂದು ದಿನ ಯಾಕೆ ಹೇಳಿದ್ರಿ? ಅಷ್ಟು ಜನರ ಮುಂದೆ?"

ಇವರು ಎಡಗೈಯಿಂದ ಬಲಭುಜ ಹಿಡಿದುಕೊಂಡರು. "ಅವತ್ತೇ ಇದು ನೋಯೋಕೆ ಶುರುವಾಗಿತ್ತು. ಬೇಗ ಮುಗಿದ್ರೆ ಸಾಕು ಅಂತ ನಾನೇ ಮುಂದೆ ಓಡ್ತಿದ್ದೆ. ನೀವು ಎಲ್ಲಿರಬೇಕೋ ಅಲ್ಲೇ ಇದ್ರಿ. ತಪ್ಪಾಯ್ತು ಅಣ್ಣ."

ಹತ್ತು ತಿಂಗಳು ಒಂದೇ ಮನೆಯಲ್ಲಿದ್ದು ಈ ಮಾತು ನನಗೂ ಹೇಳಿರಲಿಲ್ಲ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಪಾಪ ಅನ್ನಿಸಿತು.

ಭಾವ ಯಾವುದಕ್ಕೂ ಅವಸರ ಮಾಡುವವರಲ್ಲ. ಸ್ಕ್ರೂಡ್ರೈವರ್ ಒರೆಸಿ ಚೀಲಕ್ಕೆ ಹಾಕಿದರು. ಜಿಪ್ ಎಳೆದರು. ಆಮೇಲೆ ಕೇಳಿದರು: "ಆ ವಾದ್ಯದಂಗಡಿ ಎಷ್ಟು ಹೊತ್ತಿಗೆ ತೆಗೀತಾರೆ?"

ಇಬ್ಬರೂ ಗ್ರೂವ್‌ಬಾಕ್ಸ್ ಹೊತ್ತುಕೊಂಡು ಹೊರಟರು. ಸಂಜೆಯವರೆಗೆ ಯಾಕೆ ಕಾಯಬೇಕು ಎಂದು ಅವಸರ ಮಾಡಿದವರು, ಆಶ್ಚರ್ಯ, ಭಾವನೇ. ಅದರಲ್ಲಿ ಎಲ್ಲಾ ಇದೆಯಲ್ಲ, ಯಾಕೆ ಬೇಡ ಎಂದು ಅಂಗಡಿಯ ಯಜಮಾನಿ ಕೇಳಿದರಂತೆ. "ಎಲ್ಲಾ ಇದೆ, ಅದೇ ತೊಂದರೆ" ಎಂದರಂತೆ ಇವರು. ಗೋಡೆಯಿಂದ ಗಿಟಾರನ್ನು ಭಾವನೇ ಇಳಿಸಿಕೊಂಡರಂತೆ.

ಇತ್ತ ಇಬ್ಬರೂ ನನ್ನ ಹೊಲಿಗೆ ಯಂತ್ರವನ್ನು ಪೂರ್ತಿ ಮರೆತುಹೋಗಿದ್ದರು. ನಾನೇ ಮೇಜಿನಡಿ ತೂರಿ ಬೆಲ್ಟು ಹಾಕಿಕೊಂಡೆ. ಏಳುವಾಗ ನೋಡಿದರೆ, ಇವರ ನೋಟ್‌ಬುಕ್ ಮೇಜಿನ ಮೇಲೆ ತೆರೆದೇ ಇತ್ತು. ಡ್ರಮ್ ಮಷೀನಿನ ಪುಟದಲ್ಲಿ, ದೋಷಗಳ ಸಾಲಿನಲ್ಲಿದ್ದ 'ಬೇಸ್ ಇಲ್ಲ' ಎಂಬುದನ್ನು ಹೊಡೆದುಹಾಕಿ, ಹೊರಡುವ ಗಡಿಬಿಡಿಯಲ್ಲಿ, ಸೊಟ್ಟ ಅಕ್ಷರದಲ್ಲಿ, ಅದನ್ನೇ ಗುಣಗಳ ಸಾಲಿಗೆ ಬರೆದಿದ್ದರು.