ದೇವರ ನಳ

ಗುರವ್ವ ಒಗೆದ ಬಟ್ಟೆಗೆ ಮೂರು ನೀರು. ಮೊದಲನೆಯದಕ್ಕೆ ಕೊಳೆ ಹೋಗಬೇಕು, ಎರಡನೆಯದಕ್ಕೆ ಸಾಬೂನು, ಮೂರನೆಯದಕ್ಕೆ ಸಾಬೂನಿನ ವಾಸನೆ. ಬೈಲಹೊಂಗಲದ ಒಂದು ಕಲ್ಯಾಣ ಮಂಟಪದವರು ಆರು ವರ್ಷದಿಂದ ಹಾಸಿಗೆ ಬಟ್ಟೆಯ ಗಂಟುಗಳನ್ನು ಅವಳ ಹಿತ್ತಲಿಗೇ ತಂದು ಇಳಿಸುತ್ತಿದ್ದುದು ಈ ಮೂರನೇ ನೀರಿಗಾಗಿ. ಮನೆಯ ಒಲೆ ಉರಿಯುತ್ತಿದ್ದುದೂ ಅದರಿಂದಲೇ. ಗಂಡ ಬಸಯ್ಯ ನಳ ಕೂಡಿಸುವ ಕೆಲಸದವನು. ಕೆಲಸ ಸಿಕ್ಕರೆ ಹೋಗುವನು, ಸಿಗದಿದ್ದರೆ ಗುಡಿಯ ಕಟ್ಟೆ ಕಾಯುವನು.

ಓಣಿಗೆ ನೀರಿನ ಮೀಟರು ಬಂತು. ಮೊದಲ ಎರಡು ತಿಂಗಳು ಬಿಲ್ಲು ಹದ್ದುಬಸ್ತಿನಲ್ಲಿತ್ತು. ಮೂರನೇ ತಿಂಗಳಿಗೆ ಅದಕ್ಕೇನು ಮೈಮೇಲೆ ಬಂತೋ, ದುಡಿದದ್ದರಲ್ಲಿ ಅರ್ಧ ನೀರಿಗೇ ಹೋಯಿತು. ಗುರವ್ವ ಮೀಟರನ್ನು ಬೈದಳು, ಬಿಲ್ಲು ತಂದವನನ್ನು ಬೈದಳು, ಕಡೆಗೆ ಸೊಸೆ ಅನ್ನಪೂರ್ಣಾಳ ಮೇಲೆ ಎರಗಿದಳು.

"ನಿಮ್ಮ ತವರು ಕಟಕೋಳದಾಗ ಹಳ್ಳದ ನೀರ ಪುಕ್ಕಟ ಸಿಗತಿತ್ತೇನೋ. ಇಲ್ಲಿ ಕೊಡಕ್ಕೊಂದ ರೇಟ ಐತಿ."

ಅನ್ನಪೂರ್ಣಾ ಮನೆಯ ನಳಗಳನ್ನೆಲ್ಲ ಬಂದ್ ಮಾಡಿ ಅತ್ತೆಯನ್ನು ಮೀಟರಿನ ಮುಂದೆ ಕೂರಿಸಿದಳು. ಮುಳ್ಳು ಮಾತ್ರ ತಿರುಗುತ್ತಲೇ ಇತ್ತು.

"ಅತ್ತಿ, ದೇವರ ನಳಾನೂ ಒಮ್ಮಿ ನೋಡೂಣೇನ್ರಿ?"

"ನಾಲಿಗಿ ಬಿಗಿ ಹಿಡಿದ ಮಾತಾಡು," ಎಂದಳು ಗುರವ್ವ.

ದೇವರ ನಳವೆಂದರೆ ಮನೆ ಪಾಲಾದಾಗಿನ ಕರಾರು. ದೇವರ ಜಗಲಿ ಬಸಯ್ಯನ ಅಣ್ಣನ ಪಾಲಿಗೆ ಹೋಯಿತು, ನಳ ಬಸಯ್ಯನ ಪಾಲಿಗೆ ಬಂತು. ದೇವರಿಗೆ ದಿನಕ್ಕೊಂದು ಕೊಡ ನೀರು ತಮ್ಮನ ಮನೆಯಿಂದ ಎಂದು ಹಿರಿಯರು ಠರಾಯಿಸಿದರು. ನಡುಗೋಡೆ ತೂರಿ ಜಗಲಿಯ ಕೋಣೆಗೆ ಬೆರಳು ಗಾತ್ರದ ಪೈಪು ಹೋಯಿತು, ಈ ಬದಿಗೆ ಅದಕ್ಕೊಂದು ವಾಲ್ವು ಕೂತಿತು. ಆಮೇಲೆ ಅತ್ತಲಾಗಿನ ನೆಗೆಣ್ಣಿ, ಅಣ್ಣನ ಹೆಂಡತಿ ಸುಂದರವ್ವನ ಮನೆಗೂ ಬೇರೆ ನಳ, ಬೇರೆ ಮೀಟರು ಬಂದವು. ಆದರೂ ಗೋಡೆಯ ಪೈಪು ಮುಚ್ಚುವ ಮಾತನ್ನು ಗುರವ್ವ ಎತ್ತಲಿಲ್ಲ. ದೇವರಿಗೆ ಹೋಗುವ ನೀರನ್ನು ಯಾರಾದರೂ ಅಳೆಯುತ್ತಾರೆಯೇ?

ಬಸಯ್ಯ ಮೀಟರನ್ನು ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಪೈಪ ಎಲ್ಲೋ ನೆಲದಾಗ ಸೋರತೈತಿ. ಹುಡುಕಬೇಕಂದ್ರ ಫರಸಿ ಎಲ್ಲಾ ಕೀಳಬೇಕು. ಸದ್ಯಕ್ಕ ಆ ಮೂರನೇ ನೀರ ಬಿಟ್ಟಬಿಡು."

ನಳದ ಕೆಲಸ ಬಲ್ಲವನ ಮಾತು, ಗಂಡನ ಮಾತು. ಗುರವ್ವ ನಂಬಿದಳು. ಮೂರನೇ ನೀರು ಬಿಟ್ಟಳು.

ಮದುವೆಯ ಹಂಗಾಮು ಮುಗಿಯುವುದರೊಳಗೆ ಮಂಟಪದ ಮ್ಯಾನೇಜರ ಗೌರೀಶ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತ.

"ಬೀಗರೆಲ್ಲಾ ರಾತ್ರಿಪೂರಾ ಮೈ ಕೆರಕೊಂಡಾರವ್ವ. ಮಾಲಕರು ಬ್ಯಾರೆದವರಿಗೆ ಹೇಳ್ಯಾರ. ಸಿಟ್ಟಾಗಬ್ಯಾಡ್ರಿ."

ಸಿಟ್ಟಾಗಲು ಗುರವ್ವನಿಗೆ ಮುಖವಾದರೂ ಎಲ್ಲಿತ್ತು? ತಪ್ಪು ತನ್ನದೇ ಎಂದುಕೊಂಡಳು. ದೇವರ ಸೇವೆಯಲ್ಲಿ ಏನೋ ಕಡಿಮೆಯಾಗಿದೆ, ಅದಕ್ಕೇ ಈ ಕಾಟ ಎಂದುಕೊಂಡಳು. ಸೋಮವಾರ ತಲೆಗೆ ಎರೆದುಕೊಂಡು, ಒಂದು ಕೊಡ ನೀರು ಹೊತ್ತು, ಕಾಯಿ ಹಿಡಿದು ಭಾವನ ಮನೆಗೆ ನಡೆದಳು. ಸುಂದರವ್ವ ಡೇರಿಗೆ ಹಾಲು ಹಾಕಲು ಹೋಗಿದ್ದಳು. ಬಾಗಿಲು ತೆರೆದೇ ಇತ್ತು.

ಜಗಲಿಯ ಮೇಲೆ ದೇವರ ಕೊಡವಿತ್ತು. ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು, ಒಳಗೆ ಹನಿ ನೀರಿರಲಿಲ್ಲ. ದೇವರ ನಳಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಕಿಟಕಿಯಿಂದ ಹೊರಗೆ ಬಿಟ್ಟಿದ್ದರು. ಹೊರಗಿನ ಕೊಟ್ಟಿಗೆಯಲ್ಲಿ ಹೊಸದಾಗಿ ಕಟ್ಟಿದ ಐದು ಎಮ್ಮೆಗಳು ಮೈತುಂಬ ನೀರು ಹಾಕಿಸಿಕೊಂಡು ತಣ್ಣಗೆ ಮೆಲುಕು ಹಾಕುತ್ತಿದ್ದವು. ಪೈಪು ತೊಟ್ಟಿಗೆ ಸುರಿಯುತ್ತಲೇ ಇತ್ತು.

ನೆಗೆಣ್ಣಿಯನ್ನು ಬೈಯಲು ಗುರವ್ವ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ನಳಕ್ಕೂ ಪೈಪಿಗೂ ಕಟ್ಟಿದ್ದ ಬಟ್ಟೆ ಕಣ್ಣಿಗೆ ಬಿತ್ತು. ಹಸಿರು ಅಂಚಿನ ಪಟ್ಟಿ. ಮಂಟಪದವರು ಹರಿದದ್ದೆಂದು ತನಗೆ ಬಿಟ್ಟುಕೊಟ್ಟಿದ್ದ ಚಾದರಿನದು. ಮೂರು ಸುತ್ತು ಸುತ್ತಿ ತುದಿಯನ್ನು ಒಳಗೆ ಮಡಚುವ ಆ ಗಂಟು ತನ್ನ ಮನೆಯ ನಳಗಳಿಗೂ ಇತ್ತು; ಅದು ಯಾರ ಕೈಯದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅವಳು ಸೆರಗಿನಿಂದ ಬಲೆ ಒರೆಸಿ, ತಾನು ತಂದ ನೀರನ್ನು ದೇವರ ಕೊಡಕ್ಕೆ ಸುರಿದು ಬಂದಳು.

ಬಸಯ್ಯ ಚಹಾ ಕುಡಿಯುತ್ತ ಕುಳಿತಿದ್ದ. ಹೆಂಡತಿಯ ಮುಖ ನೋಡಿದ್ದೇ ಬಸಿ ಕೆಳಗಿಟ್ಟ.

"ಅಣ್ಣ ಎಮ್ಮಿಗೆ ನೀರ ಕೇಳಿದ. ಇಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ," ಎಂದ.

"ಮೂರನೇ ನೀರ ಬಿಡು ಅನ್ನಾಕ ಮಾತ್ರ ಬಾಯಿ ಬಂತಲ್ರಿ."

ಗುರವ್ವ ನಡುಗೋಡೆಯ ವಾಲ್ವನ್ನು ಎರಡೂ ಕೈಯಿಂದ ತಿರುಗಿಸಿ ಬಂದ್ ಮಾಡಿದಳು.

"ದೇವರಿಗೆ ದಿನಾ ಒಂದ ಕೊಡ ನಾನ ಹೊತ್ತು ಹಾಕತೇನಿ. ಇನ್ನ ಈ ಗ್ವಾಡಿ ಮುಟ್ಟಬ್ಯಾಡ್ರಿ."

ಅನ್ನಪೂರ್ಣಾ ಮೀಟರಿನ ಬಳಿ ನಿಂತಿದ್ದಳು. ನಾ ಹೇಳಿರಲಿಲ್ಲವೇ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಗುರವ್ವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮುಳ್ಳು ನಿಂತಿತ್ತು. ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗಗಳು ಖಾಲಿ ಇದ್ದವು.