ಬಾಗಿದ ಹಂಚಿನ ಮನೆ

ಗೋಪನಕೊಪ್ಪದ ನಮ್ಮ ಬಾಡಿಗೆ ಮನೆಯ ಹಂಚು ಸೋರುತ್ತದೆಂದು ಮಾಲಕ ಶಾಂತಯ್ಯನವರಿಗೆ ಯುಗಾದಿಯಿಂದ ಹೇಳುತ್ತಲೇ ಇದ್ದೆ. ‘ಮುಂದಿನ ವಾರ ನೋಡೂಣವಾ’ ಎನ್ನುತ್ತಲೇ ಅವರು ಆಷಾಢ ಮುಟ್ಟಿಸಿದರು. ಮನೆಯೊಳಗೆ ಮೂರು ಬಕೆಟ್ಟು, ಒಂದು ಬೋಗುಣಿ ಕಾಯಂ ಆಗಿ ಕೂತಿದ್ದವು.

ಅಂಥದರಲ್ಲಿ ಮಗಳು ಮೈತ್ರೇಯಿ ಶಾಲೆಯ ಪ್ರದರ್ಶನಕ್ಕೆ ನಮ್ಮ ಮನೆಯ ಚಿತ್ರ ಬರೆದುಕೊಟ್ಟಳು. ‘ಕಣ್ಣಿಗೆ ಕಂಡಂಗ ಅಲ್ಲ, ಮನಸ್ಸಿಗೆ ಅನಿಸಿದಂಗ ತಗೀರಿ’ ಎಂದಿದ್ದರಂತೆ ಅವಳ ಡ್ರಾಯಿಂಗ್ ಸರ್. ಅದೇ ಶಾಲೆಯಲ್ಲಿ ಓದುವ ತಮ್ಮ ಮೊಮ್ಮಗಳ ಚಿತ್ರ ನೋಡಲು ಹೋದ ಶಾಂತಯ್ಯ ಇದನ್ನೂ ನೋಡಿದರು. ಅವತ್ತು ಜಿಟಿಜಿಟಿ ಮಳೆ. ನಾನು ಗೋಕುಲ ರಸ್ತೆಯ ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮೊಬೈಲು ಹಿಡಿದು ಒಳಗೇ ಬಂದುಬಿಟ್ಟರು.

“ಏನವಾ ನಾಗರತ್ನಾ, ಊರ ಮುಂದ ನನ್ನ ಮಾನಾ ಹರಾಜ ಹಾಕ್ತೀರೇನು? ಮುಂದಿನ ತಿಂಗಳಾ ಬ್ಯಾರೆ ಮನಿ ನೋಡ್ಕೋರಿ!”

ಮೊಬೈಲಿನ ಫೋಟೋದಲ್ಲಿ ಮೈತ್ರೇಯಿ ಬರೆದ ನಮ್ಮ ಮನೆ. ನೀಲಿ ಗೋಡೆ, ನಿದ್ದೆಗಣ್ಣಿನ ಕಿಟಕಿ, ನಡುವೆ ಕುಸಿದು ಮುಂದಕ್ಕೆ ಬಾಗಿದ ಕೆಂಪು ಚಾವಣಿ. ಶಾಲೆಗೆ ಇಷ್ಟು ಹತ್ತಿರ, ಇಷ್ಟು ಕಡಿಮೆ ಬಾಡಿಗೆಗೆ ಇನ್ನೊಂದು ಮನೆ ಎಲ್ಲಿಂದ ತರಲಿ?

“ಕಾಕಾ, ಅದು ನಿಮ್ಮ ಹಂಚಲ್ರಿ,” ಎಂದಳು ಮೈತ್ರೇಯಿ. “ಅವ್ವನ ಬೆನ್ನರಿ. ಡ್ಯೂಟಿ ಮುಗಿಸಿ ಬಂದಾಗ ಹಿಂಗ ಇರ್ತಾಳ. ನಾವು ಅದರ ಕೆಳಗ ಇರ್ತೇವಲ್ರಿ, ಅದಕ್ಕ ಚಾವಣಿ ಮಾಡೇನಿ.”

ಶಾಂತಯ್ಯ ಚಿತ್ರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು.

“ಏನ ಮೈತ್ರಿ, ನಾ ಇಷ್ಟ ಸೊಟ್ಟ ಅದೀನೇನ?” ಎಂದೆ.

“ಥೇಟ್ ಹಿಂಗ ಅದಿ ನೋಡವಾ,” ಎಂದು ಶಾಂತಯ್ಯನವರೇ ನಕ್ಕುಬಿಟ್ಟರು. ಅಷ್ಟರಲ್ಲಿ ಅವರ ಬೋಳುತಲೆಯ ಮೇಲೆ ಟಪ್ಪೆಂದು ಒಂದು ಹನಿ. ಮೇಲೆ ನೋಡಿದರು. “ಬೆನ್ನ ರಿಪೇರಿ ನನ್ನ ಕೈಯಾಗಿಲ್ಲ. ಹಂಚಿಂದರೆ ಮಾಡಸ್ತೇನಿ. ಇರ್ರಿ, ಎಲ್ಲೂ ಹೋಗಬ್ಯಾಡ್ರಿ.”

ಆಳು ಸಿಗಲಿಲ್ಲವೆಂದು ಭಾನುವಾರ ತಾವೇ ಏಣಿ ಹತ್ತಿದರು. ಇಪ್ಪತ್ತು ಹಂಚು ಬದಲಾದವು. ಇಳಿಯುವಾಗ ಸೊಂಟ ಹಿಡಿಯಿತು. “ಈಗರೆ ನೆಟ್ಟಗ ತಗಿಯವಾ ನನ್ನ ಮನಿ,” ಎಂದು ನರಳುತ್ತಲೇ ಮೈತ್ರೇಯಿಗೆ ಅಪ್ಪಣೆ ಕೊಟ್ಟು ಹೋದರು.

ಬುಧವಾರ ಮೈತ್ರೇಯಿ ಹೊಸ ಚಿತ್ರವನ್ನು ಅವರ ಮನೆಗೇ ಒಯ್ದುಕೊಟ್ಟಳು, ನಾನೂ ಹೋಗಿದ್ದೆ. ಚಾವಣಿ ಈಗ ಹಸಿರು. ಆದರೆ ಎಡಕ್ಕೆ ವಾಲಿತ್ತು, ಒಂದು ಗೋಡೆ ಕೈಯಂತೆ ಬಂದು ಅದನ್ನು ಸೊಂಟದ ಬಳಿ ಹಿಡಿದಿತ್ತು.

ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಕೂತಿದ್ದ ಶಾಂತಯ್ಯ ಚಿತ್ರವನ್ನು ಕೈಗೆತ್ತಿಕೊಂಡರು. “ಇದು ಯಾರಂತ ಕೇಳಾಂಗಿಲ್ಲ ಬಿಡು. ಇದನ್ನೂ ಸಾಲಿ ಗ್ವಾಡಿಗಿ ಹಚ್ಚತಾರೇನು?”

“ಬ್ಯಾಡೇನ್ರಿ ಕಾಕಾ?”

“ಹಚ್ಚಲಿ, ಹಚ್ಚಲಿ. ಕೆಳಗ ಒಂದ ಮಾತ ಬರಿ: ಈ ಮನಿ ಸೋರೂದಿಲ್ಲ ಅಂತ.”